ಬಲಕ್ಕೆ ವಾಲಿದ ಮಾರ್ಲೆಟ್

ಕ್ಲೆಮೆಂಟ್ ಬಾಡ್ಕಿನ್ ಅಂಗಡಿಗೆ ಕಾಲಿಟ್ಟರೆ ಅಪ್ಪರ್ ವಿಡ್ಲಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು. ಜಿಲ್ಲೆಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ಇಪ್ಪತ್ತೊಂಬತ್ತು ವರ್ಷದಿಂದ ಇನ್ಸ್‌ಪೆಕ್ಟರು. ಪಬ್ಬಿನವನು ಬಿಯರಿನ ಗ್ಲಾಸಿನಲ್ಲಿ ನೊರೆ ಒಂದು ಬೆರಳು ಜಾಸ್ತಿ ಬಿಟ್ಟರೆ ಅವರ ಎಡಹುಬ್ಬು ಮೇಲೇರುತ್ತಿತ್ತು. ಆ ಹುಬ್ಬು ಮೇಲೇರಿದ ದಿನ ಪಬ್ಬಿನವನಿಗೆ ನಿದ್ದೆ ಬರುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಮಾಂಸದಂಗಡಿಯ ಟಫ್ನೆಲ್ ಒಂದು ಕಟ್ಟು ಸಾಸೇಜಿನಲ್ಲಿ ಹನ್ನೊಂದು ಗ್ರಾಂ ಕಡಿಮೆ ಕೊಟ್ಟದ್ದಕ್ಕೆ ಅವನಿಗೆ ನೋಟಿಸು ಬರೆದುಕೊಟ್ಟು, ಮರುದಿನ ಅದೇ ಅಂಗಡಿಗೆ ಹೋಗಿ ಸಾಸೇಜು ಕೊಂಡು, ತೂಗಿಸಿ, ನಾಲ್ಕು ಜನರ ಮುಂದೆ "ಈಗ ಸರಿಯಾಗಿದೆ" ಎಂದು ಹೊಗಳಿ ಬಂದಿದ್ದರು. ಟಫ್ನೆಲ್ ನೋಟಿಸನ್ನು ಮರೆತಿದ್ದ. ಹೊಗಳಿದ್ದನ್ನು ಮಾತ್ರ ಮರೆತಿರಲಿಲ್ಲ.

ಇಂಥ ಸತ್ಯಸಂಧರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಮೂರು ಜನ ಸಾಕ್ಷಿಗಳ ಎದುರಿಗೆ, ಅದೂ ತೂಕದ ವಿಷಯದಲ್ಲೇ ಸುಳ್ಳು ಹೇಳಿದರು. ಒಟ್ಟು ಹತ್ತೊಂಬತ್ತು ಕಿಲೋ ಸುಳ್ಳು.

ಆದದ್ದು ಹೀಗೆ. ಊರಿನಲ್ಲಿ ಮಿಸ್ ಪೆಟ್ರೊನೆಲ್ಲಾ ಗ್ರೈಸ್ ಎಂಬ ಎಂಬತ್ತನಾಲ್ಕು ವರ್ಷದ ಮುದುಕಿ ಇದ್ದರು. ಹರೆಯದಲ್ಲಿ ರೇಸಿನಲ್ಲಿ ಕಾರು ಓಡಿಸಿದವರು. ಅವರ ಕೊಟ್ಟಿಗೆಯಲ್ಲಿ ಉಣ್ಣೆಯ ಕಂಬಳಿ ಹೊದ್ದು ಮಲಗಿದ್ದದ್ದು ಸಾವಿರದ ಒಂಬೈನೂರ ಐವತ್ತೇಳರ ಮಾರ್ಲೆಟ್ ಕಾರು: ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ, ಎಲೆಕೋಸಿನ ಹೊರಎಲೆಯ ಹಸಿರು. ಕೊಳ್ಳಲು ಬಂದ ಆರು ಜನರನ್ನು ಮಿಸ್ ಗ್ರೈಸ್ ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಏಳನೆಯವರಾಗಿ ಬಾಡ್ಕಿನ್ ಫೋನು ಮಾಡಿ, "ಟೈರಿನ ಗಾಳಿ ಮುಂದೆ ಎಷ್ಟು, ಹಿಂದೆ ಎಷ್ಟು?" ಎಂದು ಕೇಳಿದರಂತೆ. "ಬೇರೆಯವರೆಲ್ಲ ಬೆಲೆ ಕೇಳಿದರು. ಇವನೊಬ್ಬ ಗಾಳಿ ಕೇಳಿದ" ಎಂದು ಮಿಸ್ ಗ್ರೈಸ್ ಕಾರು ಕೊಟ್ಟುಬಿಟ್ಟರು. ಮೇ ತಿಂಗಳ ಮೊದಲ ಭಾನುವಾರ ಥ್ರಾಕ್ಸ್‌ಬಿಯಲ್ಲಿ ಹಳೆಯ ಕಾರುಗಳ ರೇಸು. ಬಾಡ್ಕಿನ್ ಹೆಸರು ಕೊಟ್ಟರು.

ಹಳೆಯ ಕಾರಿನ ಸಸ್ಪೆನ್ಷನ್ ಸರಿಮಾಡಬೇಕೆಂದರೆ ಸುತ್ತಮುತ್ತ ಒಬ್ಬರೇ ಒಬ್ಬರು, ಓಸ್ವಿನ್ ಹ್ಯಾಗ್. ಹಿಟ್ಟಿನ ಗಿರಣಿಯ ಹಿಂದುಗಡೆ ಅವರ ಗ್ಯಾರೇಜು. ನಲವತ್ತು ವರ್ಷದಿಂದ ಅದೊಂದೇ ಕೆಲಸ. ಕಾರಿನ ಹೊಟ್ಟೆಯ ಕೆಳಗೇ ಬದುಕು ಸವೆಸಿದ್ದರಿಂದ ಮನುಷ್ಯರ ಮುಖ ಅವರಿಗೆ ನೆನಪಿರುತ್ತಿರಲಿಲ್ಲ. ಸ್ವಂತ ಭಾವಮೈದುನನನ್ನೂ ಅವನ ಕಾರಿನ ಹಿಂದಿನ ಆಕ್ಸಲಿನಿಂದಲೇ ಗುರುತು ಹಿಡಿಯುತ್ತಿದ್ದರು.

"ನೋಡಿ ಬಾಡ್ಕಿನ್ನವರೇ," ಎಂದರು ಹ್ಯಾಗ್, ಕಾರಿನ ಕೆಳಗಿನಿಂದಲೇ. "ಸಸ್ಪೆನ್ಷನ್ ಅಂದ್ರೆ ಊಟದ ಮೇಜು ಇದ್ದಂಗೆ. ನಾಲ್ಕರಲ್ಲಿ ಒಂದು ಕಾಲು ಗಿಡ್ಡ ಆದ್ರೆ ಸೂಪು ಚೆಲ್ಲುತ್ತೆ. ರೇಸಲ್ಲಿ ಸೂಪು ಅಂದ್ರೆ ನೀವು."

"ಅರ್ಥವಾಯ್ತು."

"ಒಂದೊಂದು ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಡ್ತೀನಿ. ಯಾವ ಮೂಲೆ ಭಾರ, ಯಾವುದು ಹಗುರ ನೋಡ್ಕೊಂಡು, ಸ್ಪ್ರಿಂಗಿನ ಬುಡದಲ್ಲಿರೋ ಈ ಬಿಲ್ಲೆ ತಿರುಗಿಸಿ ಸಮ ಮಾಡ್ತೀನಿ. ಆದ್ರೆ ಖಾಲಿ ಕಾರನ್ನ ಸಮ ಮಾಡಿ ಏನು ಬಂತು? ಓಡಿಸೋರು ಬಲಗಡೆ ಸೀಟಲ್ಲಿ ಕೂತಿರ್ಬೇಕು. ನೀವು ಮೂರು ದಿನ ಅಲ್ಲಾಡದೆ ಕೂತಿರ್ತೀರಾ?"

"ನನಗೆ ಕಚೇರಿ ಇದೆಯಲ್ಲ."

"ಅದಕ್ಕೇ ಮರಳಿನ ಮೂಟೆ ಕೂರಿಸ್ತೀನಿ. ನಿಮ್ಮಷ್ಟೇ ತೂಕದ್ದು. ಹೇಳಿ, ಎಷ್ಟು ನೀವು?"

ಬಾಡ್ಕಿನ್ ಬಾಯಿ ತೆರೆದರು. ತೊಂಬತ್ತೇಳು ಎಂಬ ಸಂಖ್ಯೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಎಣ್ಣೆಯ ಡ್ರಮ್ಮಿನ ಮೇಲೆ ಟೀ ಕುಡಿಯುತ್ತ ಕೂತಿದ್ದ ಮಿಸ್ ಗ್ರೈಸ್ ಮಾತಾಡಿದರು.

"ಈ ಕಾರನ್ನ ನಾನು ಹನ್ನೆರಡು ವರ್ಷ ಓಡಿಸಿದೆ. ಒಂದು ದಿನವೂ ಐವತ್ತನಾಲ್ಕು ಕಿಲೋ ದಾಟಲಿಲ್ಲ. ದಪ್ಪಗಿರೋರು ನನ್ನ ಮಾರ್ಲೆಟ್ಟಲ್ಲಿ ಕೂತ್ರೆ ಕುದುರೆ ಮರಿ ಮೇಲೆ ಬೀರು ಹೇರಿದಂಗೆ ಕಾಣುತ್ತೆ. ಹೋದ ವರ್ಷ ಒಬ್ಬ ಬ್ಯಾಂಕಿನವನು ಬಂದಿದ್ದ. ಹೊಟ್ಟೆ ಮೊದಲು ಒಳಗೆ ಬಂತು, ಅವನು ಆಮೇಲೆ ಬಂದ. ಹಂಗೇ ಹೊರಗೆ ಕಳಿಸಿದೆ. ಹೇಳಪ್ಪ ಬಾಡ್ಕಿನ್, ಎಷ್ಟು ನೀನು?"

ಬಾಡ್ಕಿನ್ ಇಲಾಖೆಯ ದಪ್ಪ ಓವರ್‌ಕೋಟಿನೊಳಗೆ ಹೊಟ್ಟೆಯನ್ನು ಬೆನ್ನುಮೂಳೆಯವರೆಗೆ ಎಳೆದುಕೊಂಡರು.

"ಎಪ್ಪತ್ತೆಂಟು," ಎಂದರು.

ಅದು ಪೂರ್ತಿ ಸುಳ್ಳೆಂದು ಹೇಳಲಾಗದು. ಅವರ ಮದುವೆಯ ದಿನ ಅದು ನಿಜವಾಗಿತ್ತು.

ಪೋರ್ಕ್ ಪೈ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಟಫ್ನೆಲ್ ಕಣ್ಣು ಕಿರಿದು ಮಾಡಿದ. ಹೊಲದಲ್ಲಿ ಮೇಯುವ ಹಂದಿಯನ್ನು ದೂರದಿಂದ ನೋಡಿ ಅರ್ಧ ಕಿಲೋ ಆಚೀಚೆಯಾಗದಂತೆ ತೂಕ ಹೇಳುವವನು ಅವನು.

"ಎಪ್ಪತ್ತೆಂಟಾ? ನನ್ನ ಕಣ್ಣಿಗೆ ತೊಂಬತ್ತೈದಕ್ಕೆ ಕಮ್ಮಿ ಇಲ್ಲ ಅಂತ—"

"ಟಫ್ನೆಲ್!" ಕಾರಿನ ಕೆಳಗಿನಿಂದ ಹ್ಯಾಗ್ ಗುಡುಗಿದರು. "ಯಾರ ಜೊತೆ ಮಾತಾಡ್ತಿದ್ದೀಯಾ ಗೊತ್ತಾ? ತೂಕದ ಇನ್ಸ್‌ಪೆಕ್ಟರು! ಇಪ್ಪತ್ತೊಂಬತ್ತು ವರ್ಷ ಸರ್ವೀಸು!"

"ತಪ್ಪಾಯ್ತು ಸಾಹೇಬ್ರೇ," ಎಂದ ಟಫ್ನೆಲ್, ಟೋಪಿ ತೆಗೆದು. "ಕೋಟು ನೋಡಿ ಮೋಸ ಹೋದೆ."

"ಕೋಟು ಸ್ವಲ್ಪ ದಪ್ಪ," ಎಂದರು ಬಾಡ್ಕಿನ್. ಹ್ಯಾಗ್ ಕಾರಿನ ಕೆಳಗಿನಿಂದ ತೆವಳಿ ಬಂದು ಸೀಮೆಸುಣ್ಣದಿಂದ ಗೋಡೆಯ ಮೇಲೆ ೭೮ ಎಂದು ದೊಡ್ಡದಾಗಿ ಬರೆದರು.

ಹ್ಯಾಗ್ ಮೂರು ದಿನ ಬಿಲ್ಲೆ ತಿರುಗಿಸಿದರು. ಎಪ್ಪತ್ತೆಂಟು ಕಿಲೋ ಮರಳು ಬೆಲ್ಟು ಹಾಕಿಕೊಂಡು ಗಂಭೀರವಾಗಿ ಸ್ಟೇರಿಂಗಿನ ಎದುರು ಕೂತಿತ್ತು. ಮುಂದಿನ ಬಲಚಕ್ರ ಮತ್ತು ಹಿಂದಿನ ಎಡಚಕ್ರದ ತೂಕ ಕೂಡಿದರೆ ಬರುವುದೂ, ಉಳಿದೆರಡನ್ನು ಕೂಡಿದರೆ ಬರುವುದೂ ಕಡೆಯ ಕಿಲೋದವರೆಗೆ ಒಂದೇ ಆಯಿತು. ಹ್ಯಾಗ್ ಆ ಸಂಜೆ ಹೆಂಡತಿಗೆ ಹೂ ಕೊಂಡೊಯ್ದರೆಂದು ಊರಿನವರು ಹೇಳುತ್ತಾರೆ.

ಶನಿವಾರ ಥ್ರಾಕ್ಸ್‌ಬಿಯಲ್ಲಿ ಓಡಿಸಿ ನೋಡುವ ದಿನ. ಯುದ್ಧಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಬಯಲು, ಈಗ ಅರ್ಧ ರೇಸಿಗೆ, ಅರ್ಧ ಕುರಿಗೆ. ಬಾಡ್ಕಿನ್ ಓವರ್‌ಕೋಟಿನ ಸಮೇತ ಕಾರಿನೊಳಗೆ ಇಳಿದರು. ಮಾರ್ಲೆಟ್ ಬಲಗಡೆಗೆ ಮೆಲ್ಲಗೆ ಕುಸಿಯಿತು. ನೇರ ದಾರಿಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಕೊಟ್ಟಿಗೆ ತಿರುವೆಂದು ಕರೆಯುವ ಎಡತಿರುವಿಗೆ ಬಂದಾಗ ಕಾರು ಬಲಗಡೆಗೆ ಮಂಡಿಯೂರಿತು, ಮಡ್‌ಗಾರ್ಡು ಟೈರಿಗೆ ಉಜ್ಜಿಕೊಂಡು ಇಡೀ ಬಯಲಿಗೆ ಕೇಳುವಂತೆ ಕಿರುಚಿತು. ಕುರಿಗಳು ಬೇಲಿಯ ಕಡೆಗೆ ಓಡಿದವು.

ಹ್ಯಾಗ್ ಓಡಿಬಂದರು. ಬಾಡ್ಕಿನ್ ಗಾಬರಿಯಿಂದ ಕೆಳಗಿಳಿದರು. ಅವರು ಇಳಿದ ಕೂಡಲೇ ಕಾರು ನಿಟ್ಟುಸಿರುಬಿಟ್ಟು ನೆಟ್ಟಗಾಯಿತು. ಹ್ಯಾಗ್ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಎಲ್ಲ ಸರಿ!

"ಇನ್ನೊಂದು ಸಲ ಓಡ್ಸಿ."

ಓಡಿಸಿದರು. ಕಿರುಚಿತು. ಇಳಿದರು. ನೆಟ್ಟಗಾಯಿತು. ಎಂಟು ಸಲ ಹೀಗಾದ ಮೇಲೆ ಹ್ಯಾಗ್ ಹುಲ್ಲಿನ ಮೇಲೆ ಕೂತು ತಲೆಗೆ ಕೈಯಿಟ್ಟರು. ಕಾರನ್ನು ವಾಪಸು ಒಯ್ದು ಮರಳನ್ನು ಕೂರಿಸಿ ತೂಗಿದರು: ಕಡೆಯ ಕಿಲೋದವರೆಗೆ ಸಮ. ಬುಧವಾರ ಮತ್ತೆ ಬಯಲಿಗೆ ಹೋದರು. ಮತ್ತೆ ಕಿರುಚು, ಮತ್ತೆ ಕುರಿಗಳ ಓಟ.

"ಬಾಡ್ಕಿನ್ನವರೇ," ಎಂದರು ಹ್ಯಾಗ್ ಕೊನೆಗೆ, ಗ್ಯಾರೇಜಿಗೆ ಮರಳಿದ ಮೇಲೆ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ನನ್ನ ತಕ್ಕಡಿ ತಪ್ಪಲ್ಲ. ಮೂಟೆ ತಪ್ಪಲ್ಲ. ನಿಮ್ಮ ತೂಕವಂತೂ ತಪ್ಪಾಗೋ ಹಂಗೇ ಇಲ್ಲ. ಉಳಿದಿರೋದು ಒಂದೇ. ಚಾಸಿ, ಅಂದ್ರೆ ಕಾರಿನ ಬೆನ್ನೆಲುಬು, ಬಾಗಿದೆ. ಯಾವ ಕಾಲದಲ್ಲೋ ಯಾರೋ ಈ ಕಾರನ್ನ ಮರಕ್ಕೆ ಗುದ್ದಿ, ಬಣ್ಣ ಬಳಿದು, ಬಾಯಿ ಮುಚ್ಕೊಂಡಿದ್ದಾರೆ."

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಬಾಡ್ಕಿನ್ ಗಂಟಲು ಸರಿಮಾಡಿಕೊಂಡರು.

"ಇದ್ದರೂ ಇರಬಹುದು," ಎಂದರು.

ಮಾತು ಗಿರಣಿಯ ಹಿಂದಿನಿಂದ ಪಬ್ಬಿಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಗುರುವಾರದ ಹೊತ್ತಿಗೆ ಮಿಸ್ ಗ್ರೈಸ್ ಅರವತ್ತೊಂದನೇ ಇಸವಿಯಲ್ಲಿ ಒಂದು ಓಕ್ ಮರಕ್ಕೆ ಗುದ್ದಿದ್ದರು. ಶುಕ್ರವಾರ ಬೆಳಿಗ್ಗೆ ಆ ಮರ ಚರ್ಚಿನ ಗೋಡೆಯಾಯಿತು. ಮಧ್ಯಾಹ್ನ ಅಂಚೆ ಕಚೇರಿಯ ಸಾಲಿನಲ್ಲಿ ನಿಂತ ಹೆಂಗಸರು, ಗೋಡೆಯ ಪಕ್ಕದಲ್ಲಿ ಒಬ್ಬ ಬಿಷಪ್ಪರೂ ನಿಂತಿದ್ದರೆಂದು ಪತ್ತೆಹಚ್ಚಿದರು. ಸಂಜೆ ಟಫ್ನೆಲ್ ಕೀಮಾ ಕಟ್ಟುತ್ತ, "ಪಾಪ, ಆ ಬಿಷಪ್ಪರು ಆಮೇಲೆ ನೆಟ್ಟಗೆ ನಡೀಲೇ ಇಲ್ವಂತೆ. ಅವರೂ ಬಲಕ್ಕೇ ವಾಲ್ತಿದ್ರಂತೆ" ಎಂದ.

ಶನಿವಾರ ಟೀ ಹೊತ್ತಿಗೆ ಬಾಡ್ಕಿನ್ ಮನೆಯ ಬಾಗಿಲನ್ನು ಯಾರೋ ಊರುಗೋಲಿನಿಂದ ಬಡಿದರು. ಹೆಂಡತಿ ಮ್ಯೂರಿಯಲ್ ಬಾಗಿಲು ತೆಗೆದರು. ಮಿಸ್ ಗ್ರೈಸ್ ಒಳಗೆ ಬಂದು, ಕೂರದೆ, ಕೋಲನ್ನು ಬಾಡ್ಕಿನ್ನರ ಎದೆಗೆ ಗುರಿಯಿಟ್ಟರು.

"ಬಿಷಪ್ಪನಿಗೆ ಗುದ್ದಿದೆನಂತೆ ನಾನು!"

"ಕೂತ್ಕೊಳ್ಳಿ ಮಿಸ್ ಗ್ರೈಸ್, ಟೀ ಆಗ್ತಿದೆ," ಎಂದರು ಮ್ಯೂರಿಯಲ್.

"ಟೀ ಆಮೇಲೆ. ಹನ್ನೆರಡು ವರ್ಷ ಓಡಿಸಿದ್ದೀನಿ. ಒಂದು ಗೀರು ಬಿದ್ದಿಲ್ಲ. ಬಾಡ್ಕಿನ್, ನೀನೇ ಹೇಳು, ನನ್ನ ಕಾರು ಸೊಟ್ಟ ಇದೆಯಾ?"

"ಹ್ಯಾಗ್ ಅವರ ಅಭಿಪ್ರಾಯ..."

"ಹ್ಯಾಗನ್ನ ಕೇಳಲಿಲ್ಲ. ಊರಲ್ಲಿ ಅಳತೆಗೆ ಇರೋನು ನೀನು. ನಿನ್ನ ಬಾಯಿಂದ ಬರ್ಲಿ."

ಬಾಡ್ಕಿನ್ನರ ಬಾಯಿಂದ ಬಂದದ್ದು ಒಂದು ಕೆಮ್ಮು. ಮಿಸ್ ಗ್ರೈಸ್ ಕೋಲು ಕೆಳಗಿಳಿಸಿದರು. ಅವರ ಗಲ್ಲ ಒಂದು ಕ್ಷಣ ನಡುಗಿದ್ದನ್ನು ಬಾಡ್ಕಿನ್ ಕಂಡರು. ಅವರಿಗೆ ಬೇರೆಲ್ಲೋ ನೋಡಬೇಕೆನಿಸಿತು.

"ಸರಿ. ರೇಸಿನ ದಿನ ಪರೀಕ್ಷೆ ಮಾಡೋ ಅಧಿಕಾರಿ ಇರ್ತಾರಲ್ಲ, ಅವರ ಮುಂದೆ ಚಾಸಿ ಅಳೆಸ್ತೀನಿ. ಸೊಟ್ಟ ಇದ್ರೆ ನಿನ್ನ ದುಡ್ಡು ವಾಪಸ್, ನಾನು ಈ ಊರೇ ಬಿಟ್ಟು ಹೋಗ್ತೀನಿ. ಸೊಟ್ಟ ಇಲ್ದಿದ್ರೆ, ಈ ಮಾತು ಎಲ್ಲಿಂದ ಹುಟ್ಟಿತೋ ಅವನು ಮೈಕಿನಲ್ಲಿ ಕ್ಷಮೆ ಕೇಳ್ಬೇಕು. ಕುರಿಗೂ ಕೇಳಿಸ್ಬೇಕು."

ರೇಸಿಗೆ ಇನ್ನು ಎಂಟು ದಿನ. ಬಾಡ್ಕಿನ್ ಲೆಕ್ಕ ಹಾಕಿದರು. ದಿನಕ್ಕೆ ಎರಡು ಕಿಲೋ ಮುನ್ನೂರ ಎಪ್ಪತ್ತೈದು ಗ್ರಾಂ ಇಳಿಸಿದರೆ ಭಾನುವಾರಕ್ಕೆ ಸುಳ್ಳು ನಿಜವಾಗುತ್ತದೆ. ಅಂದಿನಿಂದಲೇ ಬೇಯಿಸಿದ ಎಲೆಕೋಸು ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದು ಸಾರಿದರು. ಮ್ಯೂರಿಯಲ್‌ಗೆ ಆನಂದದಿಂದ ಕಣ್ಣು ತುಂಬಿ ಬಂತು.

"ಡಾಕ್ಟ್ರು ಆರು ವರ್ಷದಿಂದ ಹೇಳ್ತಿದ್ರು ಕ್ಲೆಮ್. ಈಗ ಬುದ್ಧಿ ಬಂತಲ್ಲ ನಿಂಗೆ!"

ಮೂರು ದಿನ ಎಲೆಕೋಸು ತಿಂದರು. ನಾಲ್ಕನೆಯ ದಿನ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ, ಸರ್ಕಾರದ ಮುದ್ರೆಯಿದ್ದ ದೊಡ್ಡ ತಕ್ಕಡಿಯ ಮೇಲೆ ಬರಿಗಾಲಿನಲ್ಲಿ ನಿಂತರು. ತೊಂಬತ್ತಾರು ಕಿಲೋ ಆರುನೂರು ಗ್ರಾಂ. ನಾನೂರು ಗ್ರಾಂ ಇಳಿದಿತ್ತು. ಹಿಂದಿನ ತೊಂಬತ್ತೇಳು ಬೂಟು ತೊಟ್ಟು ತೂಗಿದ್ದೆಂದು ನೆನಪಾಗಿ ಬೂಟನ್ನೂ ತೂಗಿದರು. ಒಂದು ಕಿಲೋ ಇನ್ನೂರು ಗ್ರಾಂ. ಅಂದರೆ ಎಲೆಕೋಸು ತಿಂದು ಎಂಟುನೂರು ಗ್ರಾಂ ಏರಿದ್ದರು.

ಮನುಷ್ಯನನ್ನು ಇಳಿಸಲಾಗದಿದ್ದರೆ ಮೂಟೆಯನ್ನು ಏರಿಸಬೇಕು. ಈ ಯೋಚನೆ ಬಂದಾಗ ಬಾಡ್ಕಿನ್ನರಿಗೆ ಬೆಳಕು ಕಂಡಂತಾಯಿತು. ಕಡೆಯ ಸಲ ನೋಡಿಬಿಡುವೆನೆಂದು ಹ್ಯಾಗ್ ಗುರುವಾರ ಮತ್ತೆ ಬಿಲ್ಲೆ ತಿರುಗಿಸುವವರಿದ್ದರು. ಅವರು ಮಧ್ಯಾಹ್ನ ಊಟಕ್ಕೆ ಹೋದಾಗ ಮೂಟೆಗೆ ಹತ್ತೊಂಬತ್ತು ಕಿಲೋ ಮರಳು ಸೇರಿಸಿಬಿಟ್ಟರೆ, ಯಾರಿಗೂ ತಿಳಿಯದ ಹಾಗೆ ಎಲ್ಲ ಸರಿಹೋಗುತ್ತದೆ. ಮರಳು ಎಲ್ಲಿದೆ? ಶಾಲೆಯ ಬಯಲಿನಲ್ಲಿ, ಉದ್ದಜಿಗಿತದ ಗುಂಡಿಯಲ್ಲಿ.

ಹಾಡಹಗಲು ಹನ್ನೆರಡೂವರೆಗೆ, ಓವರ್‌ಕೋಟು ತೊಟ್ಟು, ಬಕೆಟ್ಟು ಮತ್ತು ಇಲಾಖೆಯ ಕೈತಕ್ಕಡಿ ಹಿಡಿದು ಬಾಡ್ಕಿನ್ ಗುಂಡಿಯೊಳಗೆ ಮಂಡಿಯೂರಿದರು. ಹದಿನೆಂಟೂವರೆ ತೆಗೆದು ಓಡಬಹುದಿತ್ತು. ಅದು ಅವರ ಕೈಯಲ್ಲಾಗದ ಮಾತು. ಕದಿಯುವಾಗಲೂ ಅವರು ಮುಳ್ಳು ನಿಲ್ಲುವವರೆಗೆ ಕಾದರು.

"ಏನ್ ಸಾಹೇಬ್ರೇ, ಇಲಾಖೆ ಕೆಲ್ಸವಾ?"

ಬೇಲಿಯಾಚೆ ಟಫ್ನೆಲ್, ಹೆಗಲ ಮೇಲೆ ಅರ್ಧ ಕುರಿ.

"ಮಾದರಿ ಪರೀಕ್ಷೆ," ಎಂದರು ಬಾಡ್ಕಿನ್.

"ಓಹೋ. ಮಕ್ಕಳು ಮೇಲೆ ಹಾರೋ ಮರಳು ತೂಕದಲ್ಲಿ ಕಮ್ಮಿ ಬರ್ತಿದೆ ಅಂತ ಯಾರೋ ದೂರು ಕೊಟ್ಟಿರ್ಬೇಕು."

"ಇಲಾಖೆಯ ಗುಟ್ಟು. ಹೊರಗೆ ಹೇಳೋ ಹಾಗಿಲ್ಲ."

"ಹೇಳೋದೇ ಇಲ್ಲ," ಎಂದ ಟಫ್ನೆಲ್. ಅದನ್ನು ಒಂದು ಗಂಟೆಯೊಳಗೆ ನಲವತ್ತು ಜನರಿಗೆ ಹೇಳಿದ.

ಬಾಡ್ಕಿನ್ ಮರಳು ಸೇರಿಸಿ, ಮೂಟೆಯ ಬಾಯಿ ಕಟ್ಟಿ ಬಂದರು. ಆದರೆ ಹ್ಯಾಗ್ ಎಂಥವರೆಂದರೆ, ಊಟ ಮಾಡಿ ಬಂದ ಮೇಲೂ ಕೈ ತೊಳೆದು ಮೂಟೆಯನ್ನೊಮ್ಮೆ ತೂಗುವವರು. ತೂಗಿದರು. ತೊಂಬತ್ತೇಳು! ಅವರ ಕೂಗು ಗಿರಣಿಯ ಆ ಬದಿಗೂ ಕೇಳಿಸಿತು.

"ಯಾರೋ ನನ್ನ ಹೆಸರು ಕೆಡಿಸೋಕೆ ಹೊರಟಿದ್ದಾರೆ!" ಎಂದರು ಸಂಜೆ ಬಾಡ್ಕಿನ್ನರಿಗೆ ಫೋನಿನಲ್ಲಿ, ಉಸಿರುಗಟ್ಟಿ. "ಹತ್ತೊಂಬತ್ತು ಕಿಲೋ ಮರಳು ತುಂಬಿದ್ದಾರೆ. ಹಂಗೇ ಬಿಟ್ಟಿದ್ರೆ ನಿಮ್ಮ ಕಾರು ಹಾಳಾಗೋಗ್ತಿತ್ತು! ನೀವೇನೂ ಹೆದರ್ಬೇಡಿ. ಎಲ್ಲಾ ತೆಗೆದು ಸರಿಯಾಗಿ ಎಪ್ಪತ್ತೆಂಟಕ್ಕೇ ನಿಲ್ಲಿಸಿದ್ದೀನಿ. ಬಾಗಿಲಲ್ಲಿ ಹೆಬ್ಬಾತು ಕಟ್ಟಿದ್ದೀನಿ. ಕಳ್ಳ ಬಂದ್ರೆ ಮಾಂಸ ಕಿತ್ಕೊಳ್ಳುತ್ತೆ."

"ಒಳ್ಳೇದಾಯ್ತು," ಎಂದರು ಬಾಡ್ಕಿನ್ ಬತ್ತಿದ ದನಿಯಲ್ಲಿ. ಮ್ಯೂರಿಯಲ್ ಎಲೆಕೋಸು ಬಡಿಸಿದರು.

ಭಾನುವಾರ ಬಂತು. ಥ್ರಾಕ್ಸ್‌ಬಿಯ ಬಯಲಿನ ತುಂಬ ಬಿಸಿಲು, ಬಣ್ಣಬಣ್ಣದ ಹಳೆಯ ಕಾರುಗಳು, ಸುಟ್ಟ ಎಣ್ಣೆಯ ವಾಸನೆ, ಟೀ ಡೇರೆಯ ಮುಂದೆ ಸಾಲು. ಅಪ್ಪರ್ ವಿಡ್ಲಿಯಿಂದ ಬಾಡಿಗೆ ಬಸ್ಸು ಮಾಡಿಕೊಂಡು ಜನ ಬಂದಿದ್ದರು. ಯಾರಿಗೂ ರೇಸಿನ ಮೇಲೆ ಆಸಕ್ತಿಯಿರಲಿಲ್ಲ. ಅವರು ಬಂದದ್ದು ಬಿಷಪ್ಪರ ಸಂಗತಿ ಇತ್ಯರ್ಥವಾಗುವುದನ್ನು ನೋಡಲು.

ಪರೀಕ್ಷೆಯ ಅಧಿಕಾರಿ ಮಿಸೆಸ್ ಕ್ರೆಸಿಡಾ ಪಾಲ್ಗ್ರೇವ್ ಎಂಬ ಎತ್ತರದ ಹೆಂಗಸು. ನಗುವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮಾರ್ಲೆಟ್ಟನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಹ್ಯಾಗ್ ನಾಲ್ಕು ಮೂಲೆಯಿಂದ ತೂಗುಗುಂಡು ಇಳಿಬಿಟ್ಟು, ಗುರುತು ಮಾಡಿ, ಕಾರನ್ನು ಪಕ್ಕಕ್ಕೆ ತಳ್ಳಿ, ಗುರುತಿನಿಂದ ಗುರುತಿಗೆ ದಾರ ಎಳೆದರು. ಮಿಸೆಸ್ ಪಾಲ್ಗ್ರೇವ್ ಬಗ್ಗಿ ಅಳೆದರು. ಮೂಲೆಯಿಂದ ಮೂಲೆಗೆ ಅಡ್ಡ ಎಳೆದು ಅಳೆದರು. ಸುತ್ತ ನಿಂತ ಇನ್ನೂರು ಜನ ಕತ್ತು ಚಾಚಿದರು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದರು ಮಿಸೆಸ್ ಪಾಲ್ಗ್ರೇವ್. "ಈ ಚಾಸಿ ಹುಟ್ಟಿದ ದಿನ ಹೇಗಿತ್ತೋ ಹಾಗೇ ಇದೆ. ಇದನ್ನ ಯಾರೂ ಎಲ್ಲಿಗೂ ಗುದ್ದಿಲ್ಲ."

ಜನ ಹೋ ಎಂದರು. ಮಿಸ್ ಗ್ರೈಸ್ ಕೋಲನ್ನು ಆಕಾಶಕ್ಕೆತ್ತಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಬಿಷಪ್ಪರನ್ನು ತಾವು ಮೊದಲಿನಿಂದಲೂ ನಂಬಿರಲಿಲ್ಲವೆಂದರು.

ಇಲ್ಲಿಗೆ ಬಾಡ್ಕಿನ್ ಬಚಾವಾದ ಹಾಗೆಯೇ. ಚಾಸಿ ನೆಟ್ಟಗಿತ್ತು, ಮುದುಕಿಯ ಮಾನ ಉಳಿದಿತ್ತು, ಗೋಡೆಯ ಮೇಲಿನ ೭೮ ಗೋಡೆಯ ಮೇಲೇ ಇತ್ತು. ಅವರು ಎರಡು ಹೆಜ್ಜೆ ಹಿಂದೆ ಸರಿದು ಮ್ಯೂರಿಯಲ್ ಪಕ್ಕಕ್ಕೆ ಸೇರಿಕೊಂಡರು.

ಆಗ ಹ್ಯಾಗ್ ಟೋಪಿ ತೆಗೆದರು. ಅವರ ಬೋಳುತಲೆಯನ್ನು ಊರಿನವರು ಕಂಡದ್ದು ಅದೇ ಮೊದಲು.

"ಹಂಗಾದ್ರೆ ತಪ್ಪು ನಂದೇ," ಎಂದರು. ದನಿ ಒಡೆದಿತ್ತು. "ಕಾರು ನೆಟ್ಟಗಿದೆ. ಬಾಡ್ಕಿನ್ನವರ ತೂಕ ಸರಿ ಇದೆ. ನನ್ನ ಕೈ ಕೆಟ್ಟಿದೆ. ಒಂದು ಸಣ್ಣ ಕಾರನ್ನ ಸಮ ಮಾಡೋಕೆ ಬರ್ಲಿಲ್ಲ ನಂಗೆ, ಮೇಲೆ ಒಬ್ಬ ಹೆಂಗಸಿನ ಹೆಸರು ಕೆಡಿಸಿದೆ. ಮಿಸ್ ಗ್ರೈಸ್, ಮೈಕ್ ಎಲ್ಲಿದೆ ತೋರಿಸಿ, ಕ್ಷಮೆ ಕೇಳ್ತೀನಿ. ನಾಳೆ ಗ್ಯಾರೇಜಿಗೆ ಬೀಗ ಹಾಕ್ತೀನಿ."

ಸ್ಪ್ಯಾನರನ್ನು ಮಿಸೆಸ್ ಪಾಲ್ಗ್ರೇವ್ ಕೈಗಿಟ್ಟು ಅವರು ಮೈಕಿನ ಗೂಡಿನ ಕಡೆಗೆ ನಡೆದರು. ಬಾಡ್ಕಿನ್ ಅವರ ಬೆನ್ನನ್ನೇ ನೋಡಿದರು. ಇದ್ದಕ್ಕಿದ್ದಂತೆ, ಆ ಗಾತ್ರದ ಮನುಷ್ಯ ಓಡಬಲ್ಲರೆಂದು ಯಾರೂ ಊಹಿಸಿರದ ವೇಗದಲ್ಲಿ ಓಡಿದರು. ಹ್ಯಾಗ್ ಅವರನ್ನು ದಾಟಿದರು, ಟೀ ಡೇರೆಯ ಹಗ್ಗ ದಾಟಿದರು, ಗೂಡಿನೊಳಗೆ ನುಗ್ಗಿ ಮೈಕನ್ನು ಕಿತ್ತುಕೊಂಡರು.

"ಗಮನಿಸಿ," ಎಂಬ ಶಬ್ದ ಬಯಲಿನ ನಾಲ್ಕೂ ಮೂಲೆಯಿಂದ ಮೊಳಗಿತು. "ನಾನು ಜಿಲ್ಲೆಯ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಕ್ಲೆಮೆಂಟ್ ಬಾಡ್ಕಿನ್. ಕಳೆದ ತಿಂಗಳು ಒಬ್ಬ ವ್ಯಕ್ತಿ ಹ್ಯಾಗ್ ಅವರ ಗ್ಯಾರೇಜಿನಲ್ಲಿ ತೂಕದ ವಿಷಯದಲ್ಲಿ ಮೋಸ ಮಾಡಿದ್ದಾನೆ. ಎಪ್ಪತ್ತೆಂಟು ಕಿಲೋ ಎಂದು ಹೇಳಿ ಕೊಟ್ಟ ಸರಕು ತೊಂಬತ್ತೇಳು ಕಿಲೋ ಇತ್ತು. ಹ್ಯಾಗ್ ಅವರ ಕೆಲಸದಲ್ಲಿ ತಪ್ಪಿಲ್ಲ. ಮಿಸ್ ಗ್ರೈಸ್ ಅವರ ಕಾರಿನಲ್ಲಿ ತಪ್ಪಿಲ್ಲ. ಆ ಸರಕು ನಾನೇ."

ಬಯಲಿನಲ್ಲಿ ಕುರಿಯೊಂದು ಅರಚಿತು. ಆಮೇಲೆ ಮಾಂಸದಂಗಡಿಯವನ ದನಿ ಎದ್ದಿತು.

"ತೊಂಬತ್ತೈದರ ಮೇಲೆ ಅಂದಿದ್ದೆ! ಅಂದಿದ್ದೆನೋ ಇಲ್ವೋ? ಹನ್ನೊಂದು ಗ್ರಾಮಿಗೆ ನನಗೆ ನೋಟಿಸು! ಹತ್ತೊಂಬತ್ತು ಕಿಲೋಗೆ ಎಷ್ಟು ನೋಟಿಸು ಸಾಹೇಬ್ರೇ?"

ಬಾಡ್ಕಿನ್ ಗೂಡಿನಿಂದ ಇಳಿದು ಬಂದರು. ಓವರ್‌ಕೋಟಿನ ಜೇಬಿನಿಂದ ನೋಟಿಸಿನ ಪುಸ್ತಕ ತೆಗೆದರು, ತಮ್ಮ ಹೆಸರಿಗೇ ಒಂದು ಬರೆದು ರುಜು ಹಾಕಿದರು, ಹಾಳೆಯನ್ನು ಹರಿದು ತಮಗೇ ಕೊಟ್ಟುಕೊಂಡರು, ನಕಲನ್ನು ಟಫ್ನೆಲ್ ಕೈಗಿಟ್ಟರು. ಟಫ್ನೆಲ್ ಅದನ್ನು ಓದಿದ. ಮೂಗು ಒರೆಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಚೌಕಟ್ಟು ಹಾಕಿಸ್ತೀನಿ," ಎಂದ. "ತಕ್ಕಡಿ ಮೇಲ್ಗಡೆ ತೂಗುಹಾಕ್ತೀನಿ."

ಬಾಡ್ಕಿನ್ ಓವರ್‌ಕೋಟು ಬಿಚ್ಚಿ ಮ್ಯೂರಿಯಲ್‌ಗೆ ಕೊಟ್ಟರು. ಹೊಟ್ಟೆ ತನ್ನ ನಿಜವಾದ ಜಾಗಕ್ಕೆ ಬಂದು ನಿಂತಿತು.

"ನಿನಗೆ ಬೇಜಾರಾಯ್ತಾ?" ಎಂದು ಮೆಲ್ಲಗೆ ಕೇಳಿದರು.

"ಬೇಜಾರ್ಯಾಕೆ? ವರ್ಷ ವರ್ಷ ನಿನ್ನ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡ್ತಾ ಬಂದೋಳು ನಾನು," ಎಂದರು ಮ್ಯೂರಿಯಲ್. "ಊರಿಗೆಲ್ಲ ಅಳತೆ ಹೇಳೋನಿಗೆ ತನ್ನದು ಗೊತ್ತಾಗದೆ ಇರುತ್ತಾ, ಗೊತ್ತಿದ್ದೂ ಸುಮ್ಮನಿದ್ದಾನೆ, ಇರ್ಲಿ ಅಂದ್ಕೊಂಡೆ. ಎಲೆಕೋಸು ಮಾತ್ರ ನನ್ನ ಆರೋಗ್ಯ ನೋಡಿ ತಿಂತಿದ್ದೀಯಾ ಅಂತ ನಂಬಿದ್ದೆ."

"ನಿನ್ನ ಆರೋಗ್ಯವಾ?"

"ನೀನು ಇದ್ರೆ ತಾನೇ ನನ್ನ ಆರೋಗ್ಯ."

ಮಿಸ್ ಗ್ರೈಸ್ ಕೋಲೂರಿಕೊಂಡು ಬಂದು ಬಾಡ್ಕಿನ್ನರನ್ನು ಮೇಲಿನಿಂದ ಕೆಳಗೆ ನೋಡಿದರು. ಜನ ಸ್ವಲ್ಪ ಹಿಂದೆ ಸರಿದರು.

"ಬೀರು," ಎಂದರು ಮಿಸ್ ಗ್ರೈಸ್. "ಪೂರಾ ಬೀರು. ಆದ್ರೆ ಬಾಗಿಲು ತೆರೆದು ಒಳಗಿರೋದನ್ನ ತೋರಿಸಿದೆ. ಬ್ಯಾಂಕಿನವನಾಗಿದ್ರೆ ಓಡಿಹೋಗ್ತಿದ್ದ. ಹ್ಯಾಗ್! ಅಳ್ತಾ ನಿಂತ್ಕೊಳ್ಬೇಡ. ರೇಸಿಗೆ ಎಷ್ಟು ಹೊತ್ತಿದೆ?"

"ನಲವತ್ತು ನಿಮಿಷ."

"ಮತ್ತೆ?"

ಹ್ಯಾಗ್ ಟೋಪಿ ಹಾಕಿಕೊಂಡರು. ಮಿಸೆಸ್ ಪಾಲ್ಗ್ರೇವ್ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು, ನಾಲ್ಕು ತಕ್ಕಡಿಗಳನ್ನು ಚಕ್ರದ ಕೆಳಗೆ ತಳ್ಳಿಸಿ, "ಹತ್ತಿ!" ಎಂದು ಅಬ್ಬರಿಸಿದರು. ಬಾಡ್ಕಿನ್ ಹತ್ತಿ ಕೂತರು. ಕಾರು ಬಲಕ್ಕೆ ಕುಸಿಯಿತು. ಹದಿನೈದು ದಿನ ತಮ್ಮನ್ನು ನರಕಕ್ಕೆ ತಳ್ಳಿದ್ದ ಆ ಕುಸಿತವನ್ನು ಕಂಡು ಹ್ಯಾಗ್ ಮದುಮಗನಂತೆ ನಕ್ಕರು.

"ಅಯ್ಯೋ, ನಿಮ್ಮಜ್ಜಿ! ಇಷ್ಟೇನಾ? ಎಷ್ಟು ಸುಲಭ!" ಎನ್ನುತ್ತ ಕಾರಿನ ಕೆಳಗೆ ಜಾರಿದರು. ಮುಂದಿನ ಬಲಗಡೆಯ ಬಿಲ್ಲೆ ಎರಡೂವರೆ ಸುತ್ತು ಮೇಲೆ, ಹಿಂದಿನ ಬಲಗಡೆಯದು ಒಂದೂವರೆ. "ಮೈ ಸಡಿಲ ಬಿಡಿ. ಹೊಟ್ಟೆ ಒಳಗೆ ಎಳ್ಕೋಬೇಡಿ, ತಕ್ಕಡಿ ಅಲ್ಲಾಡುತ್ತೆ. ಇರೋ ಹಂಗೇ ಇರಿ ಬಾಡ್ಕಿನ್ನವರೇ, ಇರೋ ಹಂಗೇ!" ಆ ಮೂವತ್ತೈದು ನಿಮಿಷ ಬಾಡ್ಕಿನ್ ಇನ್ನೂರು ಜನರ ಎದುರಿಗೆ ಇರುವ ಹಾಗೆಯೇ ಇದ್ದರು. ಟಫ್ನೆಲ್ ತಕ್ಕಡಿಗಳ ಅಂಕಿಗಳನ್ನು ಓದಿ ಓದಿ ಹೇಳಿದ. ಒಂದು ಗ್ರಾಮನ್ನೂ ನುಂಗಲಿಲ್ಲ.

ಹನ್ನೆರಡು ಕಾರುಗಳ ಓಟ ಅದು. ಬಾವುಟ ಬಿದ್ದಾಗ ಬಾಡ್ಕಿನ್ ಹನ್ನೆರಡನೆಯವರಾಗಿ ಹೊರಟರು. ಕೊಟ್ಟಿಗೆ ತಿರುವು ಹತ್ತಿರ ಬಂತು. ಬೇಲಿಯ ಬಳಿಯ ಕುರಿಗಳು ಅಭ್ಯಾಸಬಲದಿಂದ ಓಡಲು ಸಿದ್ಧವಾದವು. ಬಾಡ್ಕಿನ್ ಸ್ಟೇರಿಂಗು ತಿರುಗಿಸಿದರು. ಮಾರ್ಲೆಟ್ ಒಂದಿಷ್ಟೂ ಕುಂಯ್ ಎನ್ನದೆ, ನಾಲ್ಕು ಕಾಲನ್ನೂ ಊರಿಕೊಂಡು, ಬಟ್ಟಲಿನ ಅಂಚಿನಲ್ಲಿ ಬೆಣ್ಣೆ ಜಾರಿದ ಹಾಗೆ ತಿರುವಿನ ಉದ್ದಕ್ಕೂ ಹರಿಯಿತು. ಬಾಡ್ಕಿನ್ ಕೂಗಿದರು. ಏನು ಕೂಗಿದರೆಂದು ಅವರಿಗೇ ಗೊತ್ತಿಲ್ಲ, ಸಭ್ಯವಾದ ಶಬ್ದವಲ್ಲವೆಂದು ಕೇಳಿದವರು ಹೇಳುತ್ತಾರೆ. ಮೂರನೇ ಸುತ್ತಿನಲ್ಲಿ ಒಬ್ಬ ದಂತವೈದ್ಯನನ್ನು ದಾಟಿದರು. ಏಳನೇ ಸುತ್ತಿನಲ್ಲಿ ಇಬ್ಬರು ವಕೀಲರು ಒಬ್ಬರಿಗೊಬ್ಬರು ದಾರಿ ಬಿಡದೆ ಹುಲ್ಲಿಗೆ ಹೋದಾಗ ಅವರನ್ನೂ ದಾಟಿದರು. ಒಂಬತ್ತನೆಯವರಾಗಿ ಮುಗಿಸಿದರು. ಅಪ್ಪರ್ ವಿಡ್ಲಿಯ ಬಸ್ಸಿನವರು ಎಬ್ಬಿಸಿದ ಗದ್ದಲ ಕೇಳಿ, ಮೊದಲನೆಯವನಾಗಿ ಬಂದವನು ತಾನು ಸೋತೆನೇನೋ ಎಂದು ಗಾಬರಿಯಾದ.

ಕಾರು ನಿಂತ ಕೂಡಲೇ ಹ್ಯಾಗ್ ನಾಲ್ಕು ಟೈರುಗಳಿಗೂ ಅಂಗೈ ಒತ್ತಿದರು, ಜ್ವರ ನೋಡುವ ಹಾಗೆ. "ನಾಲ್ಕೂ ಒಂದೇ ಬಿಸಿ," ಎಂದರು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಯಾರೂ ಕೇಳಿದ್ದಿಲ್ಲ.

ಮ್ಯೂರಿಯಲ್ ಒಂದು ಇಡೀ ಪೋರ್ಕ್ ಪೈ ತಂದು ಗಂಡನ ಕೈಗಿಟ್ಟರು. ಬಾಡ್ಕಿನ್ ಕಾರಿನಿಂದ ಇಳಿದು ಮೊದಲ ತುತ್ತು ಕಚ್ಚಿದ್ದರಷ್ಟೇ, ಹಿಂದುಗಡೆ ಎಂಜಿನ್ನು ಗುರ್ ಎಂದಿತು. ತಿರುಗಿ ನೋಡಿದರೆ ಬಲಗಡೆಯ ಸೀಟಿನಲ್ಲಿ ಮಿಸ್ ಗ್ರೈಸ್. ತಲೆಗೆ ಬಾಡ್ಕಿನ್ನರ ಹೆಲ್ಮೆಟ್ಟು, ಪಕ್ಕದ ಸೀಟಿನಲ್ಲಿ ಊರುಗೋಲು.

"ಮಿಸ್ ಗ್ರೈಸ್! ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ!" ಎಂದು ಮಿಸೆಸ್ ಪಾಲ್ಗ್ರೇವ್ ಕೂಗಿದರು.

"ಅರವತ್ತೊಂಬತ್ತನೇ ಇಸವಿ ಪಟ್ಟಿ ನೋಡು!" ಎಂಬ ಉತ್ತರ ಹೊಗೆಯೊಳಗಿಂದ ಬಂತು.

ಊಟದ ಬಿಡುವು. ದಾರಿ ಖಾಲಿ. ಹಸಿರು ಕಾರು ದೂರದಲ್ಲಿ ಕೊಟ್ಟಿಗೆ ತಿರುವಿಗೆ ನುಗ್ಗಿ, ಹಿಂಬದಿಯನ್ನು ಒಂದು ಗೇಣು ಹೊರಗೆ ಬೀಸಿ, ಮತ್ತೆ ನೆಟ್ಟಗಾಗಿ ಹಾರಿತು. ಮಿಸೆಸ್ ಪಾಲ್ಗ್ರೇವ್ ಬೆಳಿಗ್ಗೆಯಿಂದ ಮೊದಲ ಬಾರಿಗೆ ಬೇರೆ ಕಡೆ ತಿರುಗಿ, ತಮ್ಮ ಕಾಗದಗಳಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದರು. ಸಮಯ ಅಳೆಯುವ ಗಡಿಯಾರವನ್ನು ಯಾರೂ ನಿಲ್ಲಿಸಿರಲಿಲ್ಲ. ಸುತ್ತು ಮುಗಿದಾಗ ಫಲಕದ ಮೇಲೆ ಅಂಕಿ ಮೂಡಿತು. ಬಾಡ್ಕಿನ್ನರ ಅತಿ ವೇಗದ ಸುತ್ತಿಗಿಂತ ನಾಲ್ಕು ಸೆಕೆಂಡು ಕಮ್ಮಿ.

ಬಾಡ್ಕಿನ್ ಪೈ ನುಂಗಿ, ಫಲಕವನ್ನು ದಿಟ್ಟಿಸಿ ನೋಡಿದರು.

"ತೂಕ ಕಮ್ಮಿಯಲ್ವಾ, ಅದಕ್ಕೇ," ಎಂದರು.

"ಆ ಕಾರು ಈಗ ನಿಮ್ಮ ತೊಂಬತ್ತೇಳಕ್ಕೆ ಕಟ್ಟಿರೋದು," ಎಂದರು ಹ್ಯಾಗ್, ಕಣ್ಣು ಕಾರಿನ ಮೇಲೇ ನೆಟ್ಟು. "ಅವರು ಕೂತ್ರೆ ಅದು ಎಡಕ್ಕೆ ವಾಲುತ್ತೆ. ಸೊಟ್ಟ ಕಾರಲ್ಲಿ ನಾಲ್ಕು ಸೆಕೆಂಡು ಬಾಡ್ಕಿನ್ನವರೇ."

ಮಾರ್ಲೆಟ್ ನಿಲ್ಲಲಿಲ್ಲ. ಅವರ ಮುಂದಿನಿಂದಲೇ ಗುಡುಗುತ್ತ ಹಾದು ಎರಡನೆಯ ಸುತ್ತಿಗೆ ಹೋಯಿತು.